ಉಂಡ ಮನೆಯ ಸೈಕಲ್ಲು ಬಡಿದು ನೋಡಿದ್ದು

ಹೊಳೆನರಸೀಪುರ, ಹೊರಡುವ ಮುನ್ನ

ನಮ್ಮ ಅತ್ತೆಯವರು ಅದನ್ನು ಕೊನೆಯವರೆಗೂ ‘ಮಡಿ ಸೈಕಲ್ಲು’ ಎಂದೇ ಕರೆದರು. ಮಡಿಸುವ ಸೈಕಲ್ಲು ಎನ್ನಲು ಹೋಗಿ ಹಾಗಾಯಿತೋ, ಅದನ್ನು ಯಾರೂ ಮುಟ್ಟಕೂಡದು ಎಂದು ಅವರ ಮಗ ಮಾಡಿದ್ದ ಕಾನೂನನ್ನು ಅಣಕಿಸಲು ಹಾಗೆಂದರೋ ನನಗೆ ಇವತ್ತಿಗೂ ತಿಳಿಯದು. ಮಡಿಯಲ್ಲಿದ್ದಾಗ ಅತ್ತೆಯವರನ್ನು ಹೇಗೆ ಮುಟ್ಟುವಂತಿರಲಿಲ್ಲವೋ ಹಾಗೆಯೇ, ಒರೆಸಿ ಎಣ್ಣೆ ಹಾಕಿ ಹಜಾರದ ಮೂಲೆಯಲ್ಲಿ ಮಡಿಸಿಟ್ಟ ಆ ಸೈಕಲ್ಲನ್ನೂ ಮುಟ್ಟುವಂತಿರಲಿಲ್ಲ. ಒಂದೇ ಮನೆಯಲ್ಲಿ ಎರಡು ಮಡಿ ಸಂಭಾಳಿಸಿದವಳು ನಾನು.

ನಮ್ಮವರು, ಅಂದರೆ ನಂಜುಂಡಯ್ಯನವರು, ರುದ್ರಪಟ್ಟಣದವರು. ಆ ಊರಿನಲ್ಲಿ ಮಗು ಅತ್ತರೂ ಯಾವ ರಾಗ ಎಂದು ಕೇಳುತ್ತಾರೆ ಅಂತ ನಾವು ತಮಾಷೆ ಮಾಡುವುದುಂಟು. ಇವರಿಗೆ ಕಿವಿ ಇತ್ತು, ಕಂಠ ಇರಲಿಲ್ಲ. ಹತ್ತು ವರ್ಷ ಪಾಠ ಹೇಳಿಸಿಕೊಂಡ ಮೇಲೆ ಗುರುಗಳು, ‘ನೀನು ಕೇಳುವುದಕ್ಕೆ ಹುಟ್ಟಿದವನಪ್ಪ’ ಎಂದು ಕೈಮುಗಿದರಂತೆ. ಸಂಗೀತಕ್ಕೆ ಒದಗದ ಆ ಕಿವಿಯನ್ನು ಇವರು ಸೈಕಲ್ಲಿಗೆ ಕೊಟ್ಟರು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮೀಟಿ, ಎಲ್ಲವೂ ಒಂದೇ ಸ್ವರ ಹೇಳುವವರೆಗೂ ಬಿಗಿ ಮಾಡುತ್ತಾ ಕೂರುತ್ತಿದ್ದರು. ಹಳೆಯ ಸೈಕಲ್ಲು ಯಾವುದೇ ಕೈಗೆ ಬರಲಿ, ಮೊದಲು ಸಣ್ಣ ಸ್ಪ್ಯಾನರಿನಿಂದ ಅದರ ಮೈಯುದ್ದಕ್ಕೂ ತಟ್ಟಿ ಕೇಳುತ್ತಿದ್ದರು. ಮಡಕೆ ಕೊಳ್ಳುವ ಹೆಂಗಸರು ತಟ್ಟಿ ನೋಡುವುದಿಲ್ಲವೇ, ಹಾಗೆ.

ಈ ಮಡಿ ಸೈಕಲ್ಲು ತೊಂಬತ್ಮೂರರಲ್ಲಿ ಹಾಸನದ ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕಿತ್ತು. ಅಂಗಡಿಯವನು ಅದನ್ನು ಕಬ್ಬಿಣದ ರಾಶಿಗೆ ಎಸೆದು, ‘ನಡೂಮಧ್ಯಕ್ಕೇ ಮುರ್ದೋಗದೆ ಸಾ, ಬ್ಯಾಡ ಬುಡಿ’ ಎಂದು ಪ್ರಾಮಾಣಿಕವಾಗಿಯೇ ಹೇಳಿದನಂತೆ. ಎಳೆದು ನೋಡಿದರೆ ಮುರಿದಿರಲಿಲ್ಲ, ಮಡಿಸಿತ್ತು. ಇಪ್ಪತ್ತು ಅಂಗುಲದ ಪುಟ್ಟ ಚಕ್ರಗಳು, ನಡುವೆ ಬಾಗಿಲಿನಂತೆ ತಿರುಗುವ ಕೀಲು, ಹಿಂದಿನ ಚಕ್ರದ ಗುಂಬದೊಳಗೆ, ಅಂದರೆ ಹಬ್ಬಿನೊಳಗೆ, ಅಡಗಿದ ಮೂರು ಗೇರು. ಕೀಲಿನ ಪಿನ್ನು ಕಳೆದುಹೋಗಿತ್ತು. ಅರಕಲಗೂಡಿನಲ್ಲಿ ಲೇತ್ ಇಟ್ಟಿದ್ದ ಕಾಳಾಚಾರಿ ಮೂರು ಸಲ ಕಡೆದು ಹೊಸದೊಂದನ್ನು ಕೂರಿಸಿ, ‘ಸೈಕಲ್ ಓದ್ರೂ ಈ ಪಿನ್ನು ಓಗಾಕಿಲ್ಲ ಕಣ್ ಸಾ’ ಎಂದು ಭರವಸೆ ಕೊಟ್ಟ. ಅಂದಿನಿಂದ ನಮ್ಮವರು ಅದನ್ನು ಬಸ್ಸಿನಲ್ಲಿ ಮಡಿಸಿಟ್ಟುಕೊಂಡು ಹಾಸನಕ್ಕೆ ಹೋಗುವುದು, ಅಲ್ಲಿ ಬಿಚ್ಚಿ ಆಫೀಸಿಗೆ ತುಳಿಯುವುದು ನಡೆಯಿತು. ಇದು ಲಗೇಜೋ ಅಲ್ಲವೋ ಎಂಬ ಬಗ್ಗೆ ಕಂಡಕ್ಟರುಗಳ ನಡುವೆ ಕೊನೆಗೂ ಒಮ್ಮತ ಬರಲಿಲ್ಲ.

ಆ ಅಳತೆಯ ಟೈರು ಮಾತ್ರ ನಮ್ಮ ಕಡೆ ಎಲ್ಲೂ ಇರಲಿಲ್ಲ. ಮೈಸೂರಿನ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಇಂಗ್ಲೆಂಡಿನ ಸೈಕಲ್ ಪತ್ರಿಕೆಯೊಂದರಲ್ಲಿ, ಚಿಕ್ಕ ಚಕ್ರದ ಹಳೆಯ ಸೈಕಲ್ಲುಗಳನ್ನು ರಿಪೇರಿ ಮಾಡುವ ಆರ್ಥರ್ ಎಂಬುವರ ವಿಳಾಸವಿತ್ತು. ನಮ್ಮವರು ಕನ್ನಡದಲ್ಲಿ ಹೇಳಿದರು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನಾನು ಇಂಗ್ಲಿಷಿನಲ್ಲಿ ಬರೆದೆ. ಎರಡು ತಿಂಗಳಿಗೆ ಒಂದು ಜೊತೆ ಟೈರೂ ಒಂದು ಕಾಗದವೂ ಬಂದವು. ಹಾಗೆ ಶುರುವಾದ ಪತ್ರವ್ಯವಹಾರ ಹನ್ನೆರಡು ವರ್ಷ ನಡೆಯಿತು.

ಎರಡು ಸಾವಿರದ ಐದರಲ್ಲಿ ಇಂಗ್ಲಿಷ್ ಮೇಷ್ಟರುಗಳ ತರಬೇತಿಗೆಂದು ನನ್ನನ್ನು ಮೂರು ವಾರ ಇಂಗ್ಲೆಂಡಿಗೆ ಕಳಿಸಿದರು. ಅದು ಮುಗಿಯುವ ಹೊತ್ತಿಗೆ, ಮೇ ತಿಂಗಳಲ್ಲಿ, ಆರ್ಥರ್ ಅವರ ಊರಿನಲ್ಲಿ ಇಂಥ ಸೈಕಲ್ಲುಗಳವರೆಲ್ಲ ಸೇರಿ ಸಮುದ್ರದವರೆಗೆ ಸವಾರಿ ಹೋಗುವುದಿತ್ತು. ಬನ್ನಿ ಎಂದು ಅವರು ಕರೆದರು. ನಮ್ಮವರು ರಜಾ ಹಾಕಿ, ಕೊನೆಯ ವಾರಕ್ಕೆ ನನ್ನನ್ನು ಸೇರಿಕೊಳ್ಳಲು ಹೊರಟರು. ಬಟ್ಟೆ ಎರಡು ಜೊತೆ. ಮಿಕ್ಕಿದ್ದೆಲ್ಲ ಸೈಕಲ್ಲು.

ವಿಮಾನ ನಿಲ್ದಾಣ

ವಿಮಾನ ಇಳಿದು ಒಂದೂವರೆ ಗಂಟೆಯಾದರೂ ಅವರು ಹೊರಗೆ ಬರಲಿಲ್ಲ. ಅವರ ವಿಮಾನದವರೆಲ್ಲ ಬಂದು, ಅಪ್ಪಿಕೊಂಡು, ಹೊರಟೂಹೋದರು. ಊರಲ್ಲಾದರೆ ಒಳಗೆ ನುಗ್ಗಿ ಯಾರನ್ನಾದರೂ ಕೇಳಬಹುದಿತ್ತು. ಇಲ್ಲಿ ಹಗ್ಗ ಕಟ್ಟದಿದ್ದರೂ ಜನ ಗೆರೆ ದಾಟುವುದಿಲ್ಲ. ನಾನೂ ದಾಟದೆ ನಿಂತು, ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಒಂದು ಸುತ್ತು ಕರೆದೆ.

ಆಮೇಲೆ ಅವರೇ ಹೇಳಿದ ಪ್ರಕಾರ ಒಳಗೆ ಆದದ್ದು ಇಷ್ಟು. ಸೈಕಲ್ಲನ್ನು ಮಡಿಸಿ, ನಮ್ಮ ಮಾವನವರ ಕಾಲದ ಕ್ಯಾನ್ವಾಸ್ ಹೋಲ್ಡಾಲಿನಲ್ಲಿ ಹಾಸಿಗೆಯಂತೆ ಸುತ್ತಿ, ಗೋಣಿದಾರದಲ್ಲಿ ಹೊಲಿದು ತಂದಿದ್ದರು. ಕಸ್ಟಮ್ಸ್ ಅಧಿಕಾರಿ ಇದೇನು ಎಂದ. ಇವರು ಸೈಕಲ್ಲು ಎಂದರು. ಅವನು ಆ ಗಂಟನ್ನು ಸುತ್ತಲೂ ನೋಡಿ, ಉಳಿದರ್ಧ ಎಲ್ಲಿ ಎಂದ. ಇವರು ಮತ್ತೆ ಸೈಕಲ್ಲು ಎಂದರು. ಹೊಲಿಗೆ ಬಿಚ್ಚಿಸಿದಾಗ, ಹೊರಡುವ ದಿನ ಪೂಜೆ ಮಾಡಿ ಹ್ಯಾಂಡಲಿಗೆ ಹಚ್ಚಿದ್ದ ಕುಂಕುಮ ಅವನ ಬೆರಳಿಗೆ ಹತ್ತಿತು. ಅವನು ತನ್ನ ಬೆರಳನ್ನೂ ಇವರ ಮುಖವನ್ನೂ ನೋಡಿದನಂತೆ. ಇಂಗ್ಲಿಷಿನಲ್ಲಿ ಕುಂಕುಮದ ವಿಷಯ ಹೇಳುವಷ್ಟು ಮಾತು ಇವರ ಬಳಿ ಇರಲಿಲ್ಲ. ಮಾತು ಬಿಟ್ಟು ಸೈಕಲ್ಲನ್ನೇ ಬಿಚ್ಚಿ, ಕೀಲು ಹಾಕಿ, ಅಲ್ಲೇ ನಿಲ್ಲಿಸಿದರು. ನಾಲ್ಕೈದು ಮಂದಿ ಸಿಬ್ಬಂದಿ ಸುತ್ತ ನಿಂತರು. ಆ ಅಧಿಕಾರಿಯ ಅಜ್ಜಿಯ ಹತ್ತಿರ ಇಂಥದೇ ಒಂದಿತ್ತಂತೆ. ಅವನು ಬೆಲ್ಲನ್ನು ಎರಡು ಸಲ ಬಾರಿಸಿ, ಕೈಕುಲುಕಿ ಬಿಟ್ಟುಕೊಟ್ಟ.

ಅವರು ಸೈಕಲ್ಲನ್ನು ಮತ್ತೆ ಮಡಿಸುವ ಗೋಜಿಗೆ ಹೋಗದೆ ತಳ್ಳಿಕೊಂಡೇ ಬಾಗಿಲಿನಿಂದ ಹೊರಬಂದರು, ಸಂತೆಯಿಂದ ಬರುವವರ ಹಾಗೆ. ನನಗೆ ಎಷ್ಟು ನಿರಾಳವಾಯಿತೆಂದರೆ ಬಯ್ಯುವುದೂ ಮರೆತುಹೋಯಿತು.

ಆರ್ಥರ್ ಅವರ ಊರು, ಗುರುವಾರ

ಆರ್ಥರ್ ಎಂಬತ್ತರ ಹತ್ತಿರದ ಎತ್ತರದ ಮನುಷ್ಯ, ಮಾತು ಕಡಿಮೆ. ಅವರ ಹೆಂಡತಿ ಡೋರೀನ್ ದುಂಡಗೆ, ಕುಳ್ಳಗೆ, ಬಾಯ್ತುಂಬ ಮಾತು. ಮನೆ ಇದ್ದದ್ದು ಒಂದು ಇಳಿಜಾರಿನ ತುದಿಯಲ್ಲಿ. ಅಲ್ಲಿಂದ ರಸ್ತೆ ಸಣ್ಣಗೆ ಇಳಿದು ರೈಲ್ವೆ ಗೇಟು ಮುಟ್ಟುತ್ತದೆ. ಗೇಟಿನಾಚೆ ಎದೆ ಝಲ್ಲೆನ್ನುವ ಹಾಗೆ ಕಡಿದಾಗಿ ಸಮುದ್ರದ ಕಡೆಗೆ ಧುಮುಕುತ್ತದೆ.

ಆ ಊರಿನ ಜನ ನಮ್ಮನ್ನು ನೋಡಿ ನಕ್ಕರು, ಹವಾಮಾನದ ಬಗ್ಗೆ ಮಾತಾಡಿದರು, ನಾಯಿಯ ಪರಿಚಯ ಮಾಡಿಸಿದರು. ಸಂಬಳವೆಷ್ಟು, ಮಕ್ಕಳೆಷ್ಟು ಎಂದು ಒಬ್ಬರೂ ಕೇಳಲಿಲ್ಲ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕೂತರೆ ಟೀ ಆರುವುದರೊಳಗೆ ನಮ್ಮ ವಂಶವೃಕ್ಷವೇ ಈಚೆ ಬಂದಿರುತ್ತದೆ. ಮೊದಮೊದಲು ಇದು ನೆಮ್ಮದಿ ಅನ್ನಿಸಿತು. ಎರಡನೆಯ ದಿನ, ನಾವು ಯಾರೆಂದು ಯಾರಿಗೂ ಬೇಕಿಲ್ಲವೇ ಎಂದು ಸಣ್ಣಗೆ ಬೇಸರವೂ ಆಯಿತು.

ಗುರುವಾರ ಬೆಳಿಗ್ಗೆ ಆರ್ಥರ್ ತಮ್ಮ ಗೆಳೆಯರು ಆರೇಳು ಮಂದಿಯನ್ನು ತಮ್ಮ ರಿಪೇರಿ ಶೆಡ್ಡಿನ ಮುಂದೆ ಸೇರಿಸಿ, ಇಂಡಿಯಾದಿಂದ ಬಂದ ಸೈಕಲ್ಲನ್ನು ತೋರಿಸಿದರು. ನಮ್ಮವರು ಹತ್ತಿ ಕೂತು ತುಳಿದರು. ಪೆಡಲು ಗಿರಗಿರ ತಿರುಗಿತು. ಸೈಕಲ್ಲು ನಿಂತಲ್ಲೇ ನಿಂತಿತ್ತು. ಇನ್ನಷ್ಟು ತುಳಿದರು. ಪೆಡಲು ಇನ್ನಷ್ಟು ತಿರುಗಿತು.

ಕಾರಣ ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ವಿಮಾನದಲ್ಲಿ ಮೆಷಿನ್ ಆಯಿಲ್ ಸೋರಿ ಪರರ ಪೆಟ್ಟಿಗೆಗಳು ಹಾಳಾದಾವೆಂದು, ನಮ್ಮವರು ಹೊರಡುವ ಮುಂಚೆ ಗೇರಿನ ಗುಂಬವನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದ್ದರು. ಬರಿದಾಗಿ ಬಿಡಬಾರದಲ್ಲ ಎಂದು, ಚನ್ನರಾಯಪಟ್ಟಣದ ನನ್ನ ತಂಗಿ ಗಾಣದಲ್ಲಿ ಆಡಿಸಿ ಕಳಿಸಿದ್ದ ಕೊಬ್ಬರಿ ಎಣ್ಣೆಯನ್ನು ಒಳಗೆ ಬಿಟ್ಟಿದ್ದರು. ನಮ್ಮ ಕಡೆಯವರಿಗೆ ಕೊಬ್ಬರಿ ಎಣ್ಣೆ ತಲೆಗೂ ಸೈ, ಬಾಗಿಲ ಕೀಲಿಗೂ ಸೈ, ಹೊಲಿಗೆ ಮೆಷಿನ್ನಿಗೂ ಸೈ. ಏಪ್ರಿಲ್ ಬಿಸಿಲಿನಲ್ಲಿ ಅದು ನೀರಿನಂತಿತ್ತು. ಮಾಗಿಯಲ್ಲಿ ಎಣ್ಣೆ ಸೀಸೆಯನ್ನು ಬಿಸಿಲಿಗಿಟ್ಟು ಕರಗಿಸಿಕೊಳ್ಳುವ ನಮಗೆ, ಇಂಗ್ಲೆಂಡಿನಲ್ಲಿ ಮೇ ತಿಂಗಳೂ ಮಾಗಿಯೇ ಎಂಬುದು ತೋಚಲಿಲ್ಲ. ಆರ್ಥರ್ ಗುಂಬ ಬಿಚ್ಚಿದರೆ ಒಳಗೆ ಬೆಳ್ಳಗೆ, ಗಟ್ಟಿ ತುಪ್ಪದ ಹಾಗೆ ಹೆಪ್ಪುಗಟ್ಟಿ ಕೂತಿದೆ. ಹಲ್ಲುಗಳೆಲ್ಲ ಅದರಲ್ಲಿ ಹೂತುಹೋಗಿ, ಒಂದನ್ನೊಂದು ಕಚ್ಚಲಾರದೆ ನಿಂತಿವೆ. ಶೆಡ್ಡೆಲ್ಲ ನಮ್ಮ ಬಚ್ಚಲುಮನೆಯ ವಾಸನೆ.

ಆರ್ಥರ್ ಬಹಳ ಹೊತ್ತು ನೋಡಿ, ‘ಇಂಟರೆಸ್ಟಿಂಗ್’ ಎಂದರು. ಇಂಗ್ಲಿಷಿನವರು ಹಾಗೆಂದರೆ ಅರ್ಥ ಬೇರೆ ಎಂದು ನನಗೆ ತರಬೇತಿಯಲ್ಲಿ ಒಂದು ಇಡೀ ಪೀರಿಯಡ್ಡು ಪಾಠವಾಗಿತ್ತು. ನಮ್ಮವರು ಏನಂತೆ ಎಂದು ಕೇಳಿದರು. ಹೊಸ ಉಪಾಯ, ಚೆನ್ನಾಗಿದೆ ಅಂತಿದ್ದಾರೆ ಎಂದೆ. ಅವರಿಗೆ ಸಮಾಧಾನವಾಯಿತು. ಬಿಸಿನೀರು ಹುಯ್ದು ತೊಳೆದು, ಸರಿಯಾದ ಎಣ್ಣೆ ಬಿಟ್ಟ ಮೇಲೆ ಸೈಕಲ್ಲು ಓಡಿತು. ಆದರೆ ಆ ಆರೇಳು ಮಂದಿಯ ಕಣ್ಣಿನಲ್ಲಿ ನಮ್ಮವರು ಅವತ್ತಿನಿಂದ ಕೊಬ್ಬರಿ ಎಣ್ಣೆಯ ಮನುಷ್ಯ. ಅವರು ನಗದಿದ್ದರೂ ನನಗೆ ಅದು ಕಾಣುತ್ತಿತ್ತು, ನೋಯುತ್ತಿತ್ತು.

ಶನಿವಾರ, ಶೆಡ್ಡಿನಲ್ಲಿ

ಶನಿವಾರ ಸಂಜೆ ಶೆಡ್ಡಿನಲ್ಲಿ ಮುಚ್ಚಿಟ್ಟಿದ್ದ ಒಂದು ಸೈಕಲ್ಲಿನ ಮೇಲಿನ ಬಟ್ಟೆಯನ್ನು ಆರ್ಥರ್ ತೆಗೆದರು. ಅದು ಡೋರೀನ್ ಅವರದು. ಅಲ್ಲಿ ಇಂಥದನ್ನು ಶಾಪರ್ ಎನ್ನುತ್ತಾರೆ. ನಾನು ಸಂತೆ ಸೈಕಲ್ಲು ಎಂದು ಹೆಸರಿಟ್ಟೆ. ಮಡಿಸಲು ಬರುವುದಿಲ್ಲ, ಆದರೆ ಚಕ್ರ ಪುಟ್ಟದು, ನಡುವಿನ ಪೈಪು ಮೊಣಕಾಲಿಗಿಂತ ಕೆಳಗೆ. ಸೀರೆ ಉಟ್ಟವಳೂ ಸಲೀಸಾಗಿ ಹತ್ತಬಹುದು. ಮುಂದೆ ಅಗಲವಾದ ಬೆತ್ತದ ಬುಟ್ಟಿ. ಮದುವೆಯಾದ ಹೊಸದರಲ್ಲಿ ಡೋರೀನ್ ತರಕಾರಿ, ಮಗು, ಕಲ್ಲಿದ್ದಲು ಎಲ್ಲವನ್ನೂ ಅದರಲ್ಲೇ ಹೇರಿಕೊಂಡು ಬರುತ್ತಿದ್ದರಂತೆ. ಎಷ್ಟೋ ವರ್ಷ ತೋಟದ ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಅದನ್ನು ಆರ್ಥರ್ ಇಡೀ ಚಳಿಗಾಲ ಕೂತು ಉಜ್ಜಿ, ನೆಟ್ಟಗೆ ಮಾಡಿ, ಆಕಾಶದ ನೀಲಿ ಬಣ್ಣ ಹೊಡೆದಿದ್ದರು. ಮಾರನೆಯ ದಿನದ ಸವಾರಿಯಲ್ಲಿ ಡೋರೀನ್ ಅದನ್ನೇ ಹತ್ತಿ ಸಮುದ್ರಕ್ಕೆ ಇಳಿಯಬೇಕೆಂಬುದು ಅವರ ಆಸೆ. ಮಾತು ಕಡಿಮೆಯ ಮನುಷ್ಯನ ಕಿವಿಗಳು ಸಂತೋಷಕ್ಕೆ ಕೆಂಪಾಗಿದ್ದವು.

ಗೆಳೆಯರೆಲ್ಲ ಹೊಗಳಿದರು. ನಮ್ಮವರೂ ಕುಕ್ಕರಗಾಲಿನಲ್ಲಿ ಕೂತು ಕಡ್ಡಿಗಳನ್ನು ಮೀಟಿ ನೋಡಿ, ತಲೆದೂಗಿದರು. ಆಮೇಲೆ ಜೇಬಿನಿಂದ ಸಣ್ಣ ಸ್ಪ್ಯಾನರು ತೆಗೆದು, ಮುಂದಿನಿಂದ ಹಿಂದಕ್ಕೆ ತಟ್ಟುತ್ತಾ ಹೋದರು. ಣಂಯ್, ಣಂಯ್ ಎನ್ನುತ್ತಿತ್ತು. ಸೀಟಿನ ಕಂಬಕ್ಕೆ ನಡುವಿನ ಪೈಪು ಸೇರುವ ಕಡೆ ಬಂದಾಗ ಆ ನಾದ ಸಾಯಿತು. ಮತ್ತೆ ತಟ್ಟಿದರು. ಮೂರನೆಯ ಸಲ ಪೈಪಿಗೆ ಕಿವಿಯಿಟ್ಟು ತಟ್ಟಿದರು. ಅವರು ಎದ್ದು ನಿಂತಾಗ ಮುಖ ನೋಡಿಯೇ ನನಗೆ ಹೆದರಿಕೆಯಾಯಿತು.

‘ಇಲ್ಲಿ ದನಿ ಒಡೆದಿದೆ. ಬಣ್ಣದ ಕೆಳಗೆ ಬಿರುಕಿದೆ. ಆಕೆ ನಾಳೆ ಇದನ್ನ ಹತ್ತಕೂಡದು, ಹತ್ತಿದರೆ ಆ ಇಳಿಜಾರಿನಲ್ಲಿ ಎರಡು ತುಂಡಾಗತ್ತೆ ಅಂತ ಹೇಳು.’

ಎಲ್ಲರೂ ನನ್ನ ಕಡೆ ತಿರುಗಿದರು. ಅನುವಾದಕ್ಕೆ ಕಾಯುತ್ತಿದ್ದರು.

ಆ ನಾಲ್ಕು ಕ್ಷಣದಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಬಿರುಕು ಕಣ್ಣಿಗೆ ಕಾಣುತ್ತಿರಲಿಲ್ಲ. ಇದ್ದ ಸಾಕ್ಷಿಯೆಂದರೆ, ಮೊನ್ನೆ ತಾನೇ ಗೇರಿಗೆ ಕೊಬ್ಬರಿ ಎಣ್ಣೆ ಹಾಕಿ ಎಲ್ಲರೆದುರು ಬೆಪ್ಪಾದವರೊಬ್ಬರ ಕಿವಿ. ನೋಡಬೇಕೆಂದರೆ ಆ ಹೊಸ ಬಣ್ಣ ಕೆರೆಯಬೇಕು. ನಾವು ಅವರ ಮನೆಯಲ್ಲಿ ಉಣ್ಣುತ್ತಿದ್ದೇವೆ, ಅವರ ಹಾಸಿಗೆಯಲ್ಲಿ ಮಲಗುತ್ತಿದ್ದೇವೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನನ್ನ ತಾಯಿ ಹೇಳಿ ಬೆಳೆಸಿದ್ದಾರೆ. ಜೊತೆಗೆ ಇನ್ನೊಂದು ವಿಷಯ. ಇಂಥ ಮಾತನ್ನು ಇದ್ದ ಹಾಗೆ ದಾಟಿಸುವ ಅಭ್ಯಾಸವೇ ನನಗಿರಲಿಲ್ಲ. ಹನ್ನೆರಡು ವರ್ಷದ ಕಾಗದಗಳಲ್ಲಿ ನಮ್ಮವರು ಒರಟಾಗಿ ಹೇಳಿದ್ದನ್ನೆಲ್ಲ ನಾನು ಮೆತ್ತಗೆ ಮಾಡಿಯೇ ಬರೆದಿದ್ದೆ. ಮೊದಲ ಸಲ ಟೈರು ಬಂದಾಗ ಇವರು, ‘ಹಳೇ ಸ್ಟಾಕು ಸಾಗಹಾಕಿದಾನೆ, ಆರು ತಿಂಗಳು ಬರಲ್ಲ’ ಎಂದಿದ್ದರು. ನಾನು, ನಮ್ಮ ಸಂತೋಷಕ್ಕೆ ಪಾರವೇ ಇಲ್ಲ ಎಂದು ಬರೆದಿದ್ದೆ. ದಾಕ್ಷಿಣ್ಯ ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಸರಿಯಾದ ಪದವಿಲ್ಲ. ನನಗೆ ಅದರ ಅನುವಾದ ಮಾತ್ರ ಚೆನ್ನಾಗಿ ಬರುತ್ತಿತ್ತು.

‘ಇದರ ದನಿ ಬಹಳ ವಿಶೇಷವಾಗಿದೆ ಅನ್ನುತ್ತಿದ್ದಾರೆ’ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಆರ್ಥರ್ ನಮ್ಮವರ ಎರಡೂ ಕೈ ಹಿಡಿದುಕೊಂಡು ಕುಲುಕಿದರು. ನಮ್ಮವರು ಮೊದಲು ಬೆರಗಾಗಿ, ಆಮೇಲೆ ಕಣ್ಣು ತುಂಬಿಕೊಂಡು, ಮನೆಯೊಳಗೆ ಹೋಗುವಾಗ ನನಗೆ ಹೇಳಿದರು: ‘ಎಂಥ ದೊಡ್ಡ ಮನಸ್ಸು ನೋಡು ಇವರದು. ತಪ್ಪು ತೋರಿಸಿದರೂ ಚಪ್ಪಾಳೆ ತಟ್ತಾರೆ. ನಮ್ಮೋರಾಗಿದ್ದರೆ ಹೊಡೆಯೋಕೆ ಬರ್ತಿದ್ದರು.’

ನಾನು ಹೂಂ ಎಂದೆ. ಅವರ ಕಿವಿ ತಪ್ಪಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಕಿವಿ ತಪ್ಪಿದ್ದನ್ನು ಮದುವೆಯಾದಾಗಿನಿಂದ ನಾನು ಕಂಡಿಲ್ಲ ಎಂಬುದೂ ನೆನಪಿಗೆ ಬಂತು.

ಭಾನುವಾರ, ಗೇಟಿನ ತನಕ

ಬೆಳಿಗ್ಗೆ ನಮ್ಮವರು ಬೂಟಿನ ದಾರ ಕಟ್ಟುತ್ತಾ ಕಿಟಕಿಯಾಚೆ ನೋಡಿದರು. ಡೋರೀನ್ ನೀಲಿ ಸೈಕಲ್ಲಿನ ಬುಟ್ಟಿಗೆ ಎಲ್ಲರಿಗೂ ಮಾಡಿದ ಸ್ಯಾಂಡ್‌ವಿಚ್ಚುಗಳ ಡಬ್ಬ, ಎರಡು ದೊಡ್ಡ ಫ್ಲಾಸ್ಕು ತುಂಬಿ, ಹತ್ತಿ ಹೊರಟೇಬಿಟ್ಟಿದ್ದರು. ಎಲ್ಲರೂ ಮನೆಯ ಮುಂದೆ ಸೇರಿ ಒಟ್ಟಿಗೇ ಹೊರಡುವುದು ಎಂದು ನಾವು ತಿಳಿದಿದ್ದೆವು. ಅವರು ತಿಂಡಿ ಮುಟ್ಟಿಸಲು ಎಲ್ಲರಿಗಿಂತ ಮುಂದೆ ಹೋಗುವುದು ನಮಗೆ ಗೊತ್ತಿರಲಿಲ್ಲ.

‘ಅವರಿಗೆ ಹೇಳಿದ್ದೀಯಲ್ಲ?’ ಎಂದರು ನಮ್ಮವರು.

ಹೇಳಲಿಲ್ಲ ಎಂದೆ. ಅವರು ನನ್ನ ಮುಖ ನೋಡಿದರು. ಬಯ್ದಿದ್ದರೆ ಚೆನ್ನಾಗಿತ್ತು, ಬಯ್ಯಲಿಲ್ಲ. ‘ಇಂಗ್ಲಿಷು ಬರೋದು ನಿನಗೆ. ನೀನೇ ಹೋಗು’ ಎಂದರು, ಅಷ್ಟೇ.

ಅಂಗಳದಲ್ಲಿ ನಮ್ಮ ಸೈಕಲ್ಲು ಬಿಚ್ಚಿಯೇ ಇತ್ತು. ಮೂವತ್ತಾರನೆಯ ವಯಸ್ಸಿನಲ್ಲಿ, ಹೇಮಾವತಿ ದಂಡೆಯ ಮಣ್ಣು ದಾರಿಯಲ್ಲಿ, ಯಾರೂ ನೋಡದ ಹೊತ್ತಿನಲ್ಲಿ ಸೈಕಲ್ಲು ಕಲಿತವಳು ನಾನು. ಇಳಿಜಾರು ಎಂದರೆ ಇಳಿದು ತಳ್ಳುವುದೇ ನನ್ನ ಪದ್ಧತಿ. ಅವತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿ ಹಿಡಿದು ಹತ್ತಿ ಕೂತೆ. ತುಳಿಯಬೇಕಾದ ಅಗತ್ಯವೇ ಬೀಳಲಿಲ್ಲ, ರಸ್ತೆಯೇ ನನ್ನನ್ನು ಎತ್ತಿಕೊಂಡು ಹೋಯಿತು. ನೂರು ಮಾರು ಮುಂದೆ ನೀಲಿ ಸೈಕಲ್ಲೂ ಡೋರೀನರ ಹಳದಿ ಕೋಟೂ ಕಾಣುತ್ತಿದ್ದವು. ಅವರ ಮುಂದೆ ಗೇಟು. ಗೇಟು ತೆರೆದಿತ್ತು. ಅದರಾಚೆ ರಸ್ತೆ ಕಾಣಿಸುತ್ತಲೇ ಇರಲಿಲ್ಲ, ಆಕಾಶ ಮಾತ್ರ ಇತ್ತು.

ನಾನು ಕೂಗಿದೆ. ಇಪ್ಪತ್ತೆರಡು ವರ್ಷ ಇಂಗ್ಲಿಷ್ ಪಾಠ ಮಾಡಿದವಳು, ಹೊಸ ಸರ್ಟಿಫಿಕೇಟು ಪೆಟ್ಟಿಗೆಯಲ್ಲಿಟ್ಟುಕೊಂಡವಳು, ಒಂದು ಇಂಗ್ಲಿಷ್ ಪದವೂ ಬಾಯಿಗೆ ಬರದೆ, ನಿಲ್ರೀ, ನಿಲ್ರೀ ಎಂದು ಕನ್ನಡದಲ್ಲೇ ಕೂಗುತ್ತಾ ಹೋದೆ. ದಾರಿಯಲ್ಲಿ ನಾಯಿ ಹಿಡಿದಿದ್ದವನೊಬ್ಬ ನಿಂತ. ಡೋರೀನ್ ನಿಲ್ಲಲಿಲ್ಲ. ಹಿಂದೆ ತಿರುಗಿ ನೋಡಿ, ನಾನು ಖುಷಿಗೆ ಕೂಗುತ್ತಿದ್ದೇನೆ ಎಂದುಕೊಂಡು ಕೈಬೀಸಿದರು.

ಆಗ ಗೇಟಿನ ಕೆಂಪು ದೀಪ ಮಿಣುಕತೊಡಗಿತು. ಗಂಟೆ ಮೊಳಗಿತು. ಅಡ್ಡಗಂಬ ನಿಧಾನವಾಗಿ ಇಳಿಯಿತು. ಡೋರೀನ್ ಬ್ರೇಕು ಹಿಡಿದು, ಒಂದು ಕಾಲು ನೆಲಕ್ಕೆ ಕೊಟ್ಟು ನಿಂತರು. ನಮ್ಮೂರಿನ ರೈಲ್ವೆ ಗೇಟಿಗೆ ನಾನು ಜೀವಮಾನದಲ್ಲಿ ಎಷ್ಟು ಶಾಪ ಹಾಕಿದ್ದೇನೋ ಲೆಕ್ಕವಿಲ್ಲ. ಅವತ್ತು ಆ ಗೇಟಿಗೆ ಕೈಮುಗಿಯಬೇಕೆನಿಸಿತು. ಆದರೆ ಎರಡೂ ಕೈ ಬ್ರೇಕು ಹಿಡಿದಿದ್ದವು, ಬಿಡಲು ಧೈರ್ಯವಾಗಲಿಲ್ಲ.

ಅವರ ಪಕ್ಕ ಹೋಗಿ ನಿಂತಾಗ ನನಗೆ ಅಳು ಬಂದುಬಿಟ್ಟಿತು. ರೈಲು ಹೋಗುವವರೆಗೂ ಮಾತು ಕೇಳಿಸುವಂತಿರಲಿಲ್ಲ. ಹೋದ ಮೇಲೆ ಎಲ್ಲವನ್ನೂ ಹೇಳಿದೆ. ನಿನ್ನೆ ನನ್ನ ಗಂಡ ಹೇಳಿದ್ದು ಇದು, ನಾನು ನಿಮಗೆ ಹೇಳಿದ್ದು ಅದು, ಸೈಕಲ್ಲಿನಲ್ಲಿ ಬಿರುಕಿದೆಯಂತೆ, ಆರ್ಥರ್ ನೊಂದುಕೊಳ್ಳುತ್ತಾರೆಂದು ನಾನು ಸುಳ್ಳು ಹೇಳಿದೆ, ಕ್ಷಮಿಸಿ.

ಡೋರೀನ್ ನಿಧಾನವಾಗಿ ಸೈಕಲ್ಲಿನಿಂದ ಇಳಿದರು. ಸಿಟ್ಟಾಗುತ್ತಾರೆ ಎಂದು ತಲೆತಗ್ಗಿಸಿದ್ದೆ. ಅವರು ಬುಟ್ಟಿಯ ಮೇಲೆ ಕೈಯಿಟ್ಟುಕೊಂಡು, ಸುತ್ತ ಯಾರೂ ಇಲ್ಲದಿದ್ದರೂ ದನಿ ತಗ್ಗಿಸಿ ಹೇಳಿದರು: ‘ಬುಧವಾರ ಆರ್ಥರ್ ಇಲ್ಲದಾಗ ಒಂದು ಸುತ್ತು ಹೋಗಿ ನೋಡಿದ್ದೆ. ನನ್ನ ಕೆಳಗೆ ಅದು ಮೆತ್ತಗೆ ಬಾಗುತ್ತಿತ್ತು. ಅವರು ಇಡೀ ಚಳಿಗಾಲ ಕೂತು ಮಾಡಿದ್ದು. ಹೇಗೆ ಹೇಳಲಿ ಹೇಳಿ?’

ನಾನು ಅವರ ಮುಖ ನೋಡಿದೆ. ಇಂಗ್ಲಿಷಿನಲ್ಲಿ ಪದವಿಲ್ಲದ ಆ ಮಾತು ಕೋಟು ತೊಟ್ಟುಕೊಂಡು ನನ್ನೆದುರೇ ನಿಂತಿತ್ತು. ಇಬ್ಬರಿಗೂ ನಗು ಬಂತು. ಗೇಟು ತೆರೆಯಿತು. ನಾವು ಹಿಂದಕ್ಕೆ ತಿರುಗಿ, ಒಂದೊಂದು ಸೈಕಲ್ಲು ತಳ್ಳಿಕೊಂಡು ಏರು ಹತ್ತಿದೆವು.

ಮತ್ತೆ ಶೆಡ್ಡಿನಲ್ಲಿ

ಆರ್ಥರ್ ಅವರಿಗೆ ಹೇಳಿದ್ದು ಡೋರೀನ್. ಆರ್ಥರ್ ಬ್ಲೇಡು ತಂದು ಆ ನೀಲಿ ಬಣ್ಣವನ್ನು ತಾವೇ ಕೆರೆದರು. ಮೊದಲು ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು. ಕೆರೆದಷ್ಟೂ ಅದು ಪೈಪಿನ ಕೆಳಕ್ಕೆ ಇಳಿಯುತ್ತಾ ಹೋಯಿತು. ಅರ್ಧಕ್ಕಿಂತ ಹೆಚ್ಚು ಸುತ್ತು ಬಿರುಕು ಬಿಟ್ಟಿತ್ತು. ಹ್ಯಾಂಡಲು ಹಿಡಿದು ಮೆಲ್ಲಗೆ ಅಲುಗಿಸಿದಾಗ ಆ ಗೆರೆ ಬಾಯಿ ತೆರೆದು ಮುಚ್ಚಿತು. ಸವಾರಿಗೆಂದು ಬಂದಿದ್ದ ಗೆಳೆಯರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಆರ್ಥರ್ ಸ್ಟೂಲಿನ ಮೇಲೆ ಕೂತು, ಹೆಂಡತಿಯ ಕೋಟಿನ ತೋಳನ್ನು ಹಿಡಿದುಕೊಂಡರು. ನನ್ನ ಎದೆಯ ಮೇಲಿದ್ದ ಬಂಡೆ ಅಲ್ಲಿ ಇಳಿಯಿತು. ಆಕೆ ನಿಂತಿದ್ದಾರೆ, ಇಡಿಯಾಗಿ ನಿಂತಿದ್ದಾರೆ, ಮಿಕ್ಕಿದ್ದು ಏನಾದರೂ ಆಗಲಿ ಎನಿಸಿತು.

ಆಮೇಲೆ ಆರ್ಥರ್ ನನ್ನನ್ನು ಕೇಳಿದರು, ನಿನ್ನೆ ನಿಮ್ಮ ಯಜಮಾನರು ಹೇಳಿದ್ದನ್ನು ಇದ್ದ ಹಾಗೆ ಹೇಳಿ ಎಂದು. ಹೇಳಿದೆ, ಒಂದು ಮಾತೂ ಬಿಡದೆ. ಅವರು ತಲೆದೂಗಿದರು. ಒಂದು ಸಲ ಸರಿಯಾಗಿ ಹೇಳಿದ ಮೇಲೆ ತಡೆಯಲಾಗದೆ, ಟೈರಿನ ವಿಷಯವನ್ನೂ ಹೇಳಿಬಿಟ್ಟೆ. ಆರ್ಥರ್ ನಮ್ಮವರ ಕಡೆ ನೋಡಿದರು. ಅವರ ಕಿವಿಗಳು ಮತ್ತೆ ಕೆಂಪಾದವು. ‘ಹೌದು. ಅವು ಹಳೆಯವೇ. ಯಾರೂ ಕೊಳ್ಳುತ್ತಿರಲಿಲ್ಲ’ ಎಂದರು.

ನಾವು ಇಂಗ್ಲಿಷಿನಲ್ಲಿ ಆಡಿದ ಮಾತು ನಮ್ಮವರಿಗೆ ತಿಳಿದಿರಲಿಲ್ಲ. ಟೈರು ಎಂಬ ಪದ ಮಾತ್ರ ಕೇಳಿಸಿತ್ತು. ನನ್ನನ್ನು ಪಕ್ಕಕ್ಕೆ ಕರೆದು ವಿಚಾರಿಸಿದರು. ಹನ್ನೆರಡು ವರ್ಷದ ಕಾಗದಗಳ ಕಥೆಯನ್ನು ಅವರಿಗೂ ಹೇಳಿದೆ. ಅವರು ಗೋಡೆಗೆ ಒರಗಿ ಯೋಚಿಸಿದರು.

‘ಅಲ್ಲ ಕಣೇ, ಹಂಗಾದ್ರೆ ಈ ಮನುಷ್ಯ ಇಷ್ಟು ವರ್ಷ ಸ್ನೇಹ ಮಾಡಿದ್ದು ನನ್ನ ಜೊತೆಗೋ, ನಿನ್ನ ಜೊತೆಗೋ?’

ಆ ಪ್ರಶ್ನೆಗೆ ನಾನು ಮೊದಲೇ ಹೆದರಬೇಕಿತ್ತು ಎಂದು ಆಗ ಅನ್ನಿಸಿತು. ಒಬ್ಬ ಒಳ್ಳೆಯ ಮನುಷ್ಯನಿಗೆ ಇನ್ನೊಬ್ಬ ಒಳ್ಳೆಯ ಮನುಷ್ಯ ಸಿಗದಂತೆ ನಡುವೆ ನಾನೇ ಮೆತ್ತೆ ಹಾಸಿದ್ದೆನಲ್ಲ ಎಂದು ನಾಚಿಕೆಯಾಯಿತು.

ಆಗ ಆರ್ಥರ್ ಶೆಡ್ಡಿನ ಒಳಗಿನಿಂದ ತಾವು ಹತ್ತಬೇಕಿದ್ದ ಸ್ವಂತ ಸೈಕಲ್ಲನ್ನು ಎತ್ತಿಕೊಂಡು ಬಂದರು. ಅದನ್ನು ನಮ್ಮವರ ಮುಂದೆ ನಿಲ್ಲಿಸಿ, ಮೇಜಿನ ಮೇಲಿದ್ದ ಸಣ್ಣ ಸ್ಪ್ಯಾನರನ್ನು ಅವರ ಕೈಗಿತ್ತರು. ನಮ್ಮವರು ಕುಕ್ಕರಗಾಲಿನಲ್ಲಿ ಕೂತು ಮುಂದಿನಿಂದ ತಟ್ಟತೊಡಗಿದರು. ಆರ್ಥರ್ ಕಷ್ಟಪಟ್ಟು ಮೊಣಕಾಲೂರಿ, ಪೈಪಿನ ಇನ್ನೊಂದು ಪಕ್ಕಕ್ಕೆ ತಮ್ಮ ಕಿವಿಯನ್ನೂ ಇಟ್ಟರು. ಒಂದು ಕಡೆ ನಮ್ಮವರು ಮತ್ತೆ ತಟ್ಟಿ ಹುಬ್ಬೇರಿಸಿದರು. ಆರ್ಥರ್ ಅಲ್ಲವೆಂದು ತಲೆಯಾಡಿಸಿದರು. ನಮ್ಮವರು ಮತ್ತೂ ತಟ್ಟಿ ಕೇಳಿಸಿದರು. ಜಗಳವೇ ಶುರುವಾಯಿತು, ಮಾತಿಲ್ಲದ ಜಗಳ. ನಾನು ಎರಡು ಹೆಜ್ಜೆ ಮುಂದೆ ಹೋಗಿ ಕಾದು ನಿಂತೆ. ಇಬ್ಬರಲ್ಲಿ ಒಬ್ಬರೂ ನನ್ನನ್ನು ಕರೆಯಲಿಲ್ಲ.